ಸದ್ದು ಮಾಡುವ ಪಂಪು

ಆ ಸಂಜೆ ಶಶಿಧರ ಮೀನಿನ ತೊಟ್ಟಿಯ ಪಂಪಿನ ಪ್ಲಗ್ ಕಿತ್ತೊಡನೆ, ಅಮೆರಿಕದ ಫೋರ್ಟ್ ಲೀಯಲ್ಲಿ ಹದಿನೆಂಟನೇ ಮಹಡಿಯಲ್ಲಿದ್ದ ಪಂಚಾಕ್ಷರಯ್ಯನವರ ಮನೆ ಒಮ್ಮೆಲೇ ನಿಶ್ಶಬ್ದವಾಯಿತು.

"ನೋಡಿ ಅಂಕಲ್, ನೀವು ತರೋ ಹೊಸ ದೊಡ್ಡ ಟ್ಯಾಂಕ್‌ಗೆ ನಾನು ಹೇಳಿದ ಪಂಪ್ ಹಾಕಿದ್ರೆ ಯಾವಾಗ್ಲೂ ಹೀಗೇ ಇರುತ್ತೆ." ಎರಡು ಸಾವಿರದ ಇಸವಿಗೆ ಕಂಪ್ಯೂಟರುಗಳನ್ನು ಸಜ್ಜುಗೊಳಿಸುವ ಆಫೀಸಿನ ವೈಟುಕೆ ಕೆಲಸದ ನಡುವೆಯೇ ಅವನು ಸಮುದ್ರದ ಮೀನು, ಹವಳಗಳ ತೊಟ್ಟಿಗೆ ಬೇಕಾದ ಪಂಪು, ದೀಪ, ಹೀಟರುಗಳನ್ನೆಲ್ಲ ಎಕ್ಸೆಲ್‌ನಲ್ಲಿ ಹೋಲಿಸಿ ಪ್ರಿಂಟ್ ತಂದಿದ್ದ. ಪಂಚಾಕ್ಷರಯ್ಯ ಮಾತ್ರ ಅತಿ ಹೆಚ್ಚು ಸದ್ದು ಮಾಡುವ ಪಂಪಿಗೇ ಟಿಕ್ ಹಾಕಿ ಕೂತಿದ್ದರು.

"ಪ್ಲಗ್ ಹಾಕಿಬಿಡಪ್ಪ," ಎಂದರು.

ಅಷ್ಟರಲ್ಲಿ ಹವಳದ ಸಂದುಗಳಲ್ಲಿದ್ದ ಮೀನುಗಳೆಲ್ಲ ಹೊರಬಂದು, ದೇವರ ಗೂಡಿನ ಕಡೆಯ ಮೂಲೆಯಲ್ಲಿ ಒತ್ತೊತ್ತಾಗಿ ಸೇರಿ, ನೀರಿನ ಮೇಲಕ್ಕೆ ಬಾಯಿ ತೆರೆದು ನಿಂತವು.

"ಹಸಿವಾಗಿದೆ ಅನ್ಸುತ್ತೆ."

"ನಾನು ಬೆಳಿಗ್ಗೆನೇ ಹಾಕ್ತೀನಿ. ಸಂಜೆ ಹಾಕ್ತಿದ್ದಿದ್ದು ನಮ್ಮನೆಯವಳು. ಮಂಗಳಾರತಿ ಮಾಡಿ ಗಂಟೆ ಬಾರಿಸಿದ್ರೆ ಸಾಕು, ಮೀನೆಲ್ಲ ಹೀಗೇ ಬಂದು ನಿಲ್ತಿದ್ವು."

ಶಶಿಧರ ಗೂಡಿನತ್ತ ನೋಡಿದ. ಆರತಿ ತಟ್ಟೆಯ ಪಕ್ಕದಲ್ಲಿ, ಗಂಟೆ ಇರಬೇಕಾದ ಕಡೆ, ಧೂಳಿನ ನಡುವೆ ಒಂದು ಗುಂಡನೆಯ ಗುರುತಿತ್ತು.

"ಅವಳು ತೀರಿಹೋದ ವಾರವೇ ಗಂಟೆ ದೇವಸ್ಥಾನಕ್ಕೆ ಕೊಟ್ಟುಬಿಟ್ಟೆ," ಎಂದರು ಪಂಚಾಕ್ಷರಯ್ಯ. "ವರ್ಷ ಆಯ್ತು. ಪಂಪ್ ಓಡ್ತಾ ಇದ್ರೆ ಸಂಜೆ ಹೊತ್ತು ನಂಗೆ ಕೇಳಿಸಲ್ಲ."

ಏನು ಕೇಳಿಸುವುದಿಲ್ಲ ಎಂದು ವಿಚಾರಿಸಲು ಶಶಿಧರನಿಗೆ ಧೈರ್ಯವಾಗಲಿಲ್ಲ. "ಅಭ್ಯಾಸಬಲ ಅಂಕಲ್. ಪಾಪ, ಮೀನುಗಳು ಆಂಟೀನ ಇನ್ನೂ ಮರೆತಿಲ್ಲ."

ಪಂಚಾಕ್ಷರಯ್ಯ ತೊಟ್ಟಿಯ ಕಡೆ ತಿರುಗಲಿಲ್ಲ.

"ಆ ಮೀನುಗಳೆಲ್ಲ ಸತ್ತುಹೋದವು. ಇವನ್ನ ತಂದಿದ್ದು ಹೋದ ತಿಂಗಳು."