ದೋಣಿಯಲ್ಲಿ ವಾಸವಿರುವವರು

"ದೋಣಿಯಲ್ಲಿ ಯಾರಾದ್ರೂ ವಾಸ ಇದಾರಾ ಸಾರ್?" ಎಂದು ವಿಮೆ ಕಂಪನಿಯಿಂದ ಬಂದವಳು ಮಾಲೀಕನನ್ನು ಕೇಳಿದಾಗ, ಹಿತ್ತಾಳೆಯ ಕಂಬಿ ಉಜ್ಜುತ್ತಿದ್ದ ಕಾವಲಿನವನ ಕೈ ನಿಂತಿತು. ಊಟ, ನಿದ್ದೆ, ಜ್ವರ ಎಲ್ಲವನ್ನೂ ಅವನು ಒಂಬತ್ತು ವರ್ಷದಿಂದ ಆ ದೋಣಿಯಲ್ಲೇ ಒಬ್ಬನೇ ಕಳೆದಿದ್ದ.

"ಯಾರೂ ಇಲ್ಲ, ಬರ್ಕೊಳ್ಳಿ," ಎಂದ ಮಾಲೀಕ. ಭಾನುವಾರದ ಮೋಜಿಗಷ್ಟೇ ಬರುವ ಆತನಿಗೆ ಬೆಂಕಿ, ಬಿರುಗಾಳಿ, ಕಳ್ಳತನದಿಂದ ಹಿಡಿದು ಸೋಫಾ, ಗಾಜಿನ ಲೋಟದವರೆಗೆ ಎಲ್ಲಕ್ಕೂ ಸಂಪೂರ್ಣ ವಿಮೆ ಬೇಕಿತ್ತು.

"ಮತ್ತೆ ಇವರು?"

"ಇವನಾ? ನಮ್ಮನೆಯವನೇ ಬಿಡಿ. ಹಿಂದಿಲ್ಲ ಮುಂದಿಲ್ಲ. ನಾಳೆ ಮುಳುಗಿ ಹೋದ್ರೂ ಕೇಳೋಕೆ ಯಾರು ಬರ್ತಾರೆ?" ಮಾಲೀಕ ನಕ್ಕು ಅವನತ್ತ ತಿರುಗಿದ. "ಅವರು ಒಳಗಡೆ ಫೋಟೋ ತೆಗೀಬೇಕಂತೆ. ಹೋಗಪ್ಪಾ, ನಿನ್ನ ಗಂಟುಮೂಟೆ ಎತ್ತು."

ಕಾವಲಿನವನು ಮೆಟ್ಟಿಲಿಳಿದು ಕೆಳಗಿನ ಕ್ಯಾಬಿನ್ನಿಗೆ ಹೋಗಿ ಚಾಪೆ ಸುತ್ತಿದ. ಬ್ರಷ್ಷು, ಕನ್ನಡಿ, ಹಗ್ಗದ ಮೇಲಿನ ಬನಿಯನ್, ಎಲ್ಲ ಸೇರಿದರೂ ಒಂದು ಕಂಕುಳು ತುಂಬಲಿಲ್ಲ. ವಿಮೆಯವಳು ಬಾಗಿಲಲ್ಲಿ ಫೋನು ಹಿಡಿದು ಕಾಯುತ್ತಿದ್ದಳು. ಅವನು ಅವಳನ್ನು ದಾಟಿ ಹೊರಗೆ ಹೋಗಲು ಒಂದೇ ಹೆಜ್ಜೆ ಬಾಕಿಯಿತ್ತು. ಅಲ್ಲೇ ನಿಂತ. ಆಮೇಲೆ ಹಿಂದೆ ಸರಿದು, ಕ್ಯಾಬಿನ್ನಿನ ನಟ್ಟನಡುವೆ ಚಾಪೆ ಹಾಸಿ ಕೂತುಕೊಂಡ.

"ಏಯ್, ತಲೆ ಕೆಟ್ಟಿದೆಯೇನೋ!" ಮೇಲಿನಿಂದ ಮಾಲೀಕ ಗದರಿದ.

ಅವನು ಅಂಗೈಯಿಂದ ಕೂದಲು ಒತ್ತಿಕೊಂಡ. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ.

"ಈಗ ತೆಗೀರಮ್ಮಾ," ಎಂದ.