ಮಕ್ಕಳನ್ನು ನುಂಗಿದ ದೇವರು

ಮುಖಪುಟದಲ್ಲಿ ನನ್ನ ಹೆಸರು ದೊಡ್ಡದಾಗಿ ಬಂದುಬಿಟ್ಟರೆ ನಮ್ಮ ಬೀದಿಯಲ್ಲಿ ನಾಚಿಕೆಪಡದೆ ಓಡಾಡುವುದು ಹೇಗೆ? ವಾರದಿಂದ ಡೈರಿಯಲ್ಲಿ ಇದೇ ಚಿಂತೆ ಬರೆಯುತ್ತಿದ್ದೆ. ಗ್ರೀಕ್ ಪುರಾಣದ ಹನ್ನೆರಡು ಕಥೆಗಳನ್ನು ಮಕ್ಕಳಿಗಾಗಿ ಕನ್ನಡದಲ್ಲಿ ಹೇಳಿದ್ದೆ. ನನ್ನ ಮೊದಲ ಪುಸ್ತಕ.

ಪ್ರಕಾಶಕರು ಕೊನೆಯ ಕಥೆಯ ಕರಡು ಹಿಡಿದು ಕೂತಿದ್ದರು.

"ಏನಮ್ಮಾ ಇದು? ತನ್ನ ಮಕ್ಕಳನ್ನೇ ಒಂದೊಂದಾಗಿ ನುಂಗೋ ದೇವರು! ಕೆಳಗೆ ನೀತಿ ಬೇರೆ ಹಾಕಿಲ್ಲ."

"ನೀತಿ ಏನೂ ಹೊಳೀಲಿಲ್ಲ ಸರ್."

"ಊಟವನ್ನು ಚೆನ್ನಾಗಿ ಅಗಿದು ತಿನ್ನಬೇಕು ಅಂತ ಹಾಕು."

ಬರೆದುಕೊಂಡೆ.

"ಅದು ಬಿಟ್ರೆ ಪುಸ್ತಕ ಸೊಗಸಾಗಿದೆ. ಇಗೋ, ಮುಖಪುಟ."

ಚಿತ್ರ ಚೆನ್ನಾಗಿತ್ತು. ಲೇಖಕರ ಹೆಸರಿರಬೇಕಾದ ಜಾಗದಲ್ಲಿ ದಪ್ಪಕ್ಷರದಲ್ಲಿ ಪ್ರಕಾಶಕರ ಹೆಸರಿತ್ತು. ತಿರುಗಿಸಿ ನೋಡಿದೆ. ಹಿಂಬದಿಯಲ್ಲೂ ಅವರದೇ ಫೋಟೊ. ನನ್ನ ಹೆಸರು ಎಲ್ಲೂ ಇರಲಿಲ್ಲ.

"ನಿನ್ನನ್ನ ಯಾರಮ್ಮಾ ಗುರುತಿಸ್ತಾರೆ? ನನ್ನ ಹೆಸರಿದ್ರೆ ಶಾಲೆಯವರು ಕಣ್ಣುಮುಚ್ಚಿ ತಗೋತಾರೆ. ಬೇಜಾರು ಮಾಡ್ಕೋಬೇಡ, ನೀನು ನನ್ನ ಮಗಳಿದ್ದ ಹಾಗೆ."

ನಾನು ಪೆನ್ನಿನ ಮುಚ್ಚಳ ಹಾಕಿದೆ.

"ಅದಕ್ಕೇ ನುಂಗಿದ್ರಾ ಸರ್?"