ಟೋಪನ್ನಿನ ಹಿಟ್ಟು

ಇದು ಶುರುವಾದದ್ದು ಮಾಗಿಯ ಒಂದು ಭಾನುವಾರ ಸಂಜೆ, ದೀಪ ಹಚ್ಚುವ ಹೊತ್ತು. ಪೇಟೆಯಲ್ಲಿ ರೊಟ್ಟಿ ಸಿಗುತ್ತಿರಲಿಲ್ಲ. ನಮ್ಮ ದೊರೆ ಬೋಳುತಲೆಗೆ ಇಟ್ಟುಕೊಳ್ಳುವ ಕೂದಲಿನ ಟೋಪನ್ನಿಗೆ ಮಾತ್ರ ದಿನಾ ಬೆಳಗ್ಗೆ ಗೋಧಿಹಿಟ್ಟು ಪೂಸುತ್ತಿದ್ದೆ. ಕೂದಲು ಬೆಳ್ಳಗಿದ್ದರೇ ದೊಡ್ಡ ಮನುಷ್ಯರು. ಸಂಜೆ ಅದನ್ನು ಕೊಡವಿ, ಉದುರಿದ ಹಿಟ್ಟನ್ನು ಬಟ್ಟೆಯಲ್ಲಿ ಕಟ್ಟಿ ಒಯ್ದು ಮಗಳು ಲೀಸಾಳಿಗೆ ಗಂಜಿ ಕಾಸುತ್ತಿದ್ದೆ.

"ಏನೇ ಮಾರ್ತಾ, ಹಾಗೆ ಬಡೀತೀಯ? ನಿನ್ನ ಗಂಡನ ತಲೆ ಅಂದ್ಕೊಂಡ್ಯಾ?" ಅಂದರು ಆ ಸಂಜೆ ಅಮ್ಮಾವ್ರು, ದೊರೆಯ ಹೆಂಡತಿ.

"ಹೇನಾಗಿವೆ, ಅಮ್ಮಾವ್ರೇ," ಎಂದು ಸುಳ್ಳು ಹೇಳಿದೆ.

ಮಂಗಳವಾರ ಬೆಳಗ್ಗೆ ಅವರೇ ಕೇಳಿದರು: "ಹೇನು ಸತ್ವೇನೇ? ನಿನ್ನೆ ಹಿಟ್ಟಿಗೆ ಪಾಷಾಣ ಬೆರೆಸಿದ್ದೆ. ಕೊಡವಿದ ಮೇಲೆ ಕೈ ತೊಳ್ಕೊಂಡೆ ತಾನೆ?"

ಟೋಪನ್ನು ಕೈಯಲ್ಲಿದ್ದ ಹಾಗೇ ಮನೆಗೆ ಓಡಿದೆ.

ಲೀಸಾ ಹೋದದ್ದು ಗುರುವಾರ.